ನಿಲ್ಲಿಸುವುದರ ಚರಿತ್ರೆ: ಒಂದು ಹ್ಯಾಂಡ್ ಬ್ರೇಕಿನ ಸುತ್ತಮುತ್ತ

ಚಂದ್ರಗುತ್ತಿಯ ಗುಡ್ಡದ ಬುಡದಲ್ಲಾಗಲಿ, ಶಿರಾಳಕೊಪ್ಪದ ಸಂತೆಯ ದಿನ ರಸ್ತೆಯಂಚಿನ ಇಳಿಜಾರಿನಲ್ಲಾಗಲಿ ಒಂದು ಹಳೆಯ ಓಮ್ನಿ ನಿಂತಿದ್ದರೆ ಅದರ ಹಿಂದಿನ ಗಾಲಿಯನ್ನು ನೋಡಿ. ಬಹಳ ಸಲ ಅಲ್ಲೊಂದು ಕಲ್ಲು ಇರುತ್ತದೆ. ಮುಷ್ಟಿಗಿಂತ ದೊಡ್ಡದು, ತಲೆಗಿಂತ ಚಿಕ್ಕದು. ಚಾಲಕ ಇಳಿಯುವ ಮೊದಲು ಹ್ಯಾಂಡ್ ಬ್ರೇಕ್ ಎಳೆದಿರುತ್ತಾನೆ, ಗಾಡಿಯನ್ನು ಗೇರಿನಲ್ಲೂ ಬಿಟ್ಟಿರುತ್ತಾನೆ. ಆದರೂ ಕಲ್ಲು ಬೇಕು. ಕೇಳಿದರೆ ನಗುತ್ತಾನೆ: "ಬ್ರೇಕು ಕಂಪನೀದು, ಕಲ್ಲು ನಮ್ದು."

ನಮ್ಮ ಚರಿತ್ರೆಯ ಪುಸ್ತಕಗಳು ಚಲನೆಯ ಬಗ್ಗೆ ಬರೆಯುತ್ತವೆ. ದಂಡು ಹೊರಟಿತು, ವರ್ತಕರು ಬಂದರು, ರೈಲು ಬಂತು, ಬಸ್ಸು ಬಂತು. ಹೊರಟದ್ದನ್ನು ನಿಲ್ಲಿಸಿದ್ದು ಹೇಗೆ, ನಿಲ್ಲಿಸಿದ್ದು ಜಾರದಂತೆ ನೋಡಿಕೊಂಡವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಂಥ ಏರಿಳಿತದ ಸೀಮೆಯಲ್ಲಿ ಈ ಪ್ರಶ್ನೆ ಸಣ್ಣದೇನಲ್ಲ. ಶಿಕಾರಿಪುರದ ಕಡೆ ನೆಲ ಬಯಲಿಗೆ ವಾಲುತ್ತದೆ, ಸೊರಬದ ಕಡೆ ಮಲೆನಾಡಿಗೆ. ಒಂದು ಕಡೆ ಮೆಕ್ಕೆಜೋಳ, ಇನ್ನೊಂದು ಕಡೆ ಅಡಿಕೆ, ಶುಂಠಿ, ಅನಾನಸ್. ಘಟ್ಟದಂಥ ಕಡಿದಾದ ಇಳಿಜಾರು ಇಲ್ಲಿಲ್ಲ. ಆದರೆ ಪೂರ್ತಿ ಸಮತಟ್ಟಾದ ರಸ್ತೆಯೂ ಅಪರೂಪ.

ಈ ನೆಲದ ಮೊದಲ ದೊಡ್ಡ ರಾಜಕೀಯ ಕಥೆಯಲ್ಲೇ ಸವಾರಿಯ ಜಗಳವೊಂದಿದೆ. ಶಿರಾಳಕೊಪ್ಪದ ಪಕ್ಕದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ, ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನವಿದೆ. ಕಾಲ 5ನೇ ಶತಮಾನ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಕುದುರೆಗೆ ಸಂಬಂಧಪಟ್ಟ ಒಬ್ಬ ಪಲ್ಲವ ಅಧಿಕಾರಿಯೊಡನೆ ತೀವ್ರವಾಗಿ ಜಗಳವಾಡಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಎಂದು ಅದು ಹೇಳುತ್ತದೆ. ಜಗಳದ ವಿವರ ಶಾಸನದಲ್ಲಿಲ್ಲ. ವಿದ್ವಾಂಸರು ಏನೇ ಹೇಳಲಿ, ಬೀದಿಯಲ್ಲಿ ಕುದುರೆಯನ್ನು ಸಮಯಕ್ಕೆ ನಿಲ್ಲಿಸದವನ ಮೇಲೆ ನಡೆದುಹೋಗುತ್ತಿದ್ದವನಿಗೆ ಬಂದ ಸಿಟ್ಟು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ ಎಂದರೆ ಇತಿಹಾಸದ ಮೇಷ್ಟ್ರು ಒಪ್ಪಲಿಕ್ಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರು ಒಪ್ಪುತ್ತಾರೆ.

ಬಿ. ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಶಿಕಾರಿಪುರದವು 1902ರ ಸಂಪುಟದಲ್ಲಿ, ಸೊರಬದವು 1904ರದ್ದರಲ್ಲಿ. ನೂರಾರು ಶಾಸನಗಳು. ಬಳ್ಳಿಗಾವೆ, ಬಂದಳಿಕೆ, ಕುಬಟೂರು, ಉದ್ರಿ ಎಲ್ಲವೂ ಅಲ್ಲಿವೆ. ವೀರಗಲ್ಲುಗಳಲ್ಲಿ ಕುದುರೆ ಇದೆ, ಆನೆ ಇದೆ, ತುರುಗಳಿವೆ. ಸರಕಿನ ಲೆಕ್ಕ ಬರುವ ಕಡೆ ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು 'ಹೇರು', ಅಂದರೆ ಎತ್ತಿನ ಬೆನ್ನಿನ ಮೇಲೆ ಹೇರಿದ ಹೊರೆ. ಬಂಡಿಗಳೂ ಇದ್ದವು. ಆದರೆ ದೂರದ ವ್ಯಾಪಾರ, ಅದರಲ್ಲೂ ಘಟ್ಟ ಇಳಿಯುವ ವ್ಯಾಪಾರ, ನಡೆದದ್ದು ಹೇರೆತ್ತುಗಳ ಮೇಲೆ. 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ಕಡೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕಂಡದ್ದೂ ಅಂಥದೇ ಲೋಕ.

ಹೇರೆತ್ತಿಗೆ ಬ್ರೇಕ್ ಬೇಡ. ಇಳಿಜಾರಿನಲ್ಲಿ ಅದು ತಾನೇ ಗೊರಸು ಊರಿ ನಿಲ್ಲುತ್ತದೆ. ಗಾಲಿ ಹಾಗಲ್ಲ, ಅದಕ್ಕೆ ನಿಲ್ಲುವ ಬುದ್ಧಿ ಇಲ್ಲ. ಗಾಡಿಯ ಹೊರೆಯನ್ನು ಇಳಿಜಾರಿನಲ್ಲಿ ತಡೆಯುವುದು ಎತ್ತಿನ ಕೊರಳು, ನೊಗ. ಭಾರ ಹಿಂದಿನಿಂದ ನೂಕಿದಾಗ ನೊಗ ಮುಂದಕ್ಕೆ ಜಾರಿ ಎತ್ತಿನ ಕೊಂಬಿನ ಬುಡಕ್ಕೆ ಒತ್ತುತ್ತದೆ. ಅದನ್ನು ನೋಡಲಾಗದೆ ರೈತರು ಗಾಡಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿಯನ್ನು ಹಗ್ಗದಿಂದ ಕಟ್ಟಿ, ಇಳಿಯುವಾಗ ಹಗ್ಗ ಬಿಗಿದು ಆ ದಿಮ್ಮಿ ಎರಡೂ ಗಾಲಿಗಳ ಪಟ್ಟಿಗೆ ಉಜ್ಜುವಂತೆ ಮಾಡಿಕೊಂಡರು. ಕಬ್ಬಿಣದ ಪಟ್ಟಿಯ ಜಾಗಕ್ಕೆ ರಬ್ಬರಿನ ಟೈರ್, ಮರದ ಗುಂಬದ ಜಾಗಕ್ಕೆ ಬೇರಿಂಗ್ ಬಂದ ಮೇಲೆ ಗಾಡಿ ಹಗುರಾಗಿ ಉರುಳತೊಡಗಿತು. ಎಳೆಯುವಾಗ ಎತ್ತಿಗೆ ಸುಖ, ಇಳಿಯುವಾಗ ಎರಡರಷ್ಟು ಕಷ್ಟ. ಸುಲಭವಾಗಿ ಓಡುವುದನ್ನು ನಿಲ್ಲಿಸುವುದು ಯಾವಾಗಲೂ ದುಬಾರಿ.

ಈ ಸೀಮೆಯಲ್ಲಿ ಗಾಲಿ ನಿಲ್ಲಿಸುವ ಕಲೆಯನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸುವವರು ತೇರಿನ ಬೆಣೆಯವರು. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು ಚೈತ್ರ ಮಾಸದ ಹನುಮ ಜಯಂತಿಯ ಹೊತ್ತಿಗೆ ನಡೆಯುತ್ತದೆ. ಸಾವಿರ ಕೈ ಹಗ್ಗ ಎಳೆಯುತ್ತವೆ. ಆದರೆ ತೇರು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಗಾಲಿಯ ಪಕ್ಕದಲ್ಲೇ ನಡೆಯುವ ಕೆಲವೇ ಜನ. ಅವರ ಕೈಯಲ್ಲಿ ಮರದ ಬೆಣೆ. ಒಂದು ಗಾಲಿಗೆ ಕೊಟ್ಟರೆ ತೇರು ಆ ಕಡೆ ತಿರುಗುತ್ತದೆ, ಎರಡಕ್ಕೂ ಕೊಟ್ಟರೆ ನಿಲ್ಲುತ್ತದೆ. ಗಾಲಿಗೂ ನೆಲಕ್ಕೂ ನಡುವೆ ಒಂದು ವಸ್ತು ತೂರಿಸಿ, ತೇರಿನ ಭಾರವನ್ನೇ ತೇರಿನ ವಿರುದ್ಧ ಬಳಸುವ ಉಪಾಯ ಇದು. ಬೆಣೆ ಕೊಡುವವನು ತನ್ನ ಬಲದಿಂದ ಏನೂ ಮಾಡುವುದಿಲ್ಲ. ಈ ಮಾತು ಮುಂದೆ ಬ್ರೇಕಿನ ಡ್ರಮ್ಮಿನೊಳಗೆ ಹೊಕ್ಕಾಗ ಮತ್ತೆ ಬರುತ್ತದೆ.

ಈಗ ಸ್ವಲ್ಪ ಹೊರಗೆ ಹೋಗೋಣ. 1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್ ಊರಿನ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಕಟ್ಟಿದ್ದ ಮೂರು ಗಾಲಿಯ ಮೋಟಾರು ಗಾಡಿಯನ್ನು ಹೊರತೆಗೆದು, ಇಬ್ಬರು ಗಂಡುಮಕ್ಕಳೊಡನೆ ನೂರು ಕಿಲೋಮೀಟರಿಗೂ ಮಿಕ್ಕ ದೂರದ ಫೋರ್ಜ್‌ಹೈಮ್ ಎಂಬ ತವರೂರಿಗೆ ಹೊರಟಳು. ಮೋಟಾರಿನಲ್ಲಿ ಅಷ್ಟು ದೂರ ಹೋದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಏರಿನಲ್ಲಿ ಹುಡುಗರು ಇಳಿದು ತಳ್ಳಿದರು. ಇಳಿಜಾರಿನಲ್ಲಿ ಮರದ ಬ್ರೇಕಿನ ತುಂಡುಗಳು ಉಜ್ಜಿ ಉಜ್ಜಿ ಸವೆದುಹೋದವು. ಆಗ ಅವಳು ದಾರಿಯಲ್ಲಿ ಸಿಕ್ಕ ಒಂದು ಹಳ್ಳಿಯ ಚಪ್ಪಲಿ ಹೊಲಿಯುವವನ ಬಳಿ ಹೋಗಿ, ಆ ಮರದ ತುಂಡುಗಳ ಮೇಲೆ ಚರ್ಮ ಹೊಡೆಸಿಕೊಂಡಳು. ಬ್ರೇಕ್ ಲೈನಿಂಗ್ ಎಂದು ಇವತ್ತು ನಾವು ಕರೆಯುವ ವಸ್ತುವಿನ ಜನ್ಮ ಅಲ್ಲಿ ಎನ್ನುತ್ತಾರೆ.

ಇನ್ನೊಂದು ಕಥೆ ಇಂಗ್ಲೆಂಡಿನದು. ಡರ್ಬಿಶೈರ್ ಗುಡ್ಡಗಾಡಿನ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡಿಗೆ ಹಳೆಯ ಬೂಟನ್ನು ಬಡಿದುಕೊಳ್ಳುತ್ತಿದ್ದರು. ಮಳೆಯಲ್ಲಿ ಅದು ಜಾರುತ್ತಿತ್ತು. ಇದನ್ನು ಗಮನಿಸಿದ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬೂಟಿಗಿಂತ ಚೆನ್ನಾಗಿ ಹಿಡಿಯುವ ಬ್ರೇಕ್ ತುಂಡನ್ನು ತಯಾರಿಸುವ ಕೆಲಸಕ್ಕೆ ಕೈಹಾಕಿದ. ಅವನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್ ಹೆಸರಿನ ಒಂದಕ್ಷರ ಸೇರಿಸಿ ಕಂಪನಿಗೆ 'ಫೆರೋಡೊ' ಎಂಬ ಹೆಸರು ಬಂತು.

ಬ್ರೇಕ್ 'ಶೂ' ಎಂಬ ಹೆಸರು ಇದಕ್ಕಿಂತ ಹಳೆಯದು. ಬಂಡಿಯ ಗಾಲಿಯ ಕೆಳಗೆ ತೂರಿಸುತ್ತಿದ್ದ ಕಬ್ಬಿಣದ ಹಲಗೆಗೂ ಇಂಗ್ಲಿಷಿನಲ್ಲಿ ಅದೇ ಹೆಸರಿತ್ತು. ಆದರೆ ಎರಡು ದೇಶಗಳಲ್ಲಿ, ಎರಡು ಸಂದರ್ಭಗಳಲ್ಲಿ, ಬ್ರೇಕು ನಿಜವಾಗಿಯೂ ಪಾದರಕ್ಷೆಯವನ ಚರ್ಮದ ಮೇಲೆ ನಿಂತಿತು ಎಂಬುದು ನನಗೆ ಇಷ್ಟದ ಸಂಗತಿ. ಕನ್ನಡದಲ್ಲಿ 'ಮೆಟ್ಟು' ಎಂದರೆ ಕಾಲಲ್ಲಿ ತುಳಿ ಎಂಬ ಕ್ರಿಯಾಪದವೂ ಹೌದು, ಚಪ್ಪಲಿ ಎಂಬ ನಾಮಪದವೂ ಹೌದು. ಬ್ರೇಕಿಗೆ ಇದಕ್ಕಿಂತ ಒಳ್ಳೆಯ ಪದ ಸಿಗುತ್ತಿರಲಿಲ್ಲ. ಆದರೂ ನಮ್ಮ ಗ್ಯಾರೇಜುಗಳು 'ಶೂ'ವನ್ನೇ ಇಟ್ಟುಕೊಂಡವು, ಜೊತೆಗೆ 'ಲೈನರ್' ಎಂಬುದನ್ನೂ. ಪರಿಭಾಷಾ ಸಮಿತಿಗಳಿಗೆ ಇದು ಬೇಸರದ ವಿಷಯವಾಗಿರಬಹುದು. ಡ್ರಮ್ಮನ್ನೂ ಯಾರೂ ಮದ್ದಳೆ ಎನ್ನಲಿಲ್ಲ, ಅದೂ ಮದ್ದಳೆ ಬಾರಿಸುತ್ತಿದ್ದನೆಂದು ಪರಂಪರೆ ಹೇಳುವ ಅಲ್ಲಮನ ಬಳ್ಳಿಗಾವೆಯ ಸುತ್ತಮುತ್ತಲೇ.

ಮೊದಮೊದಲ ಮೋಟಾರುಗಳಲ್ಲಿ ಬ್ರೇಕು ಗಾಲಿಯ ಹೊರಮೈಗೋ ಅದರ ಜೊತೆ ತಿರುಗುವ ಡ್ರಮ್ಮಿನ ಹೊರಮೈಗೋ ಉಜ್ಜುತ್ತಿತ್ತು. ಕೆಸರು, ನೀರು ಎಲ್ಲ ಅಲ್ಲೇ. 1902ರಲ್ಲಿ ಲೂಯಿ ರೆನೊ ಅದನ್ನು ಡ್ರಮ್ಮಿನ ಒಳಕ್ಕೆ ತಂದ. ಎರಡು ಅರ್ಧಚಂದ್ರಾಕಾರದ ಶೂಗಳು ಒಳಗಿನಿಂದ ಹೊರಕ್ಕೆ ಹಿಗ್ಗಿ ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುವ ಏರ್ಪಾಡು. ಇವತ್ತಿಗೂ ಓಮ್ನಿಯ ಹಿಂದಿನ ಗಾಲಿಯಲ್ಲಿರುವುದು ಮೂಲತಃ ಇದೇ. ಇಲ್ಲಿ ತೇರಿನ ಬೆಣೆಯ ಮಾತು ನೆನಪಾಗಬೇಕು. ಗಾಲಿ ತಿರುಗುವ ದಿಕ್ಕಿಗೆ ಮುಖಮಾಡಿದ ಶೂ ಡ್ರಮ್ಮನ್ನು ಮುಟ್ಟಿದ ಕೂಡಲೆ, ಡ್ರಮ್ಮು ಅದನ್ನು ತನ್ನ ಜೊತೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ತನಗೇ ಒತ್ತಿಸಿಕೊಳ್ಳುತ್ತದೆ. ಓಡುವ ಗಾಲಿ ತನ್ನ ಓಟದ ಬಲವನ್ನೇ ತಾನು ನಿಲ್ಲಲು ಬಳಸುತ್ತದೆ.

ಆ ಕಾಲದಲ್ಲಿ ಕೈಬ್ರೇಕು ಈಗಿನ ಹಾಗೆ ನಿಂತ ಗಾಡಿಗೆ ಕಾವಲು ಕೂರುವ ಅಡಿಯಾಳಾಗಿರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ 'ಮಾಡೆಲ್ ಟಿ'ಯಲ್ಲಿ ಕಾಲಿನ ಪೆಡಲು ಗೇರಿನ ಪೆಟ್ಟಿಗೆಯೊಳಗಿನ ಪಟ್ಟಿಯನ್ನು ಹಿಡಿಯುತ್ತಿತ್ತು. ಹಿಂದಿನ ಗಾಲಿಗಳ ಡ್ರಮ್ಮಿನೊಳಗಿನ ಶೂಗಳು ಕೆಲಸ ಮಾಡುತ್ತಿದ್ದದ್ದು ಕೈಯ ಲಿವರಿಗೆ. 1920ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ನಾಲ್ಕೂ ಗಾಲಿ ಹಿಡಿಯುವ ಬ್ರೇಕು ಬಂದ ಮೇಲೆ ಕಾಲು ಒಡೆಯನಾಯಿತು, ಕೈ ಕಾವಲುಗಾರನಾಯಿತು. ಆದರೆ ಎಣ್ಣೆ ಸೋರಬಹುದು, ಕೊಳವೆ ಒಡೆಯಬಹುದು. ಹಾಗಾಗಿ ಕೈಬ್ರೇಕಿನ ಕೇಬಲ್ಲನ್ನು ಯಾರೂ ಬಿಡಲಿಲ್ಲ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 96ನೆಯದು ಹೇಳುವುದೂ ಇದನ್ನೇ: ಕಾಲಿನದೊಂದು, ನಿಲುಗಡೆಯದೊಂದು, ಒಂದನ್ನೊಂದು ಅವಲಂಬಿಸದ ಎರಡು ಬ್ರೇಕು ವ್ಯವಸ್ಥೆ ಇರಲೇಬೇಕು.

ಶಿಕಾರಿಪುರ, ಸೊರಬಗಳಿಗೆ ಈ ಯಂತ್ರ ಬಂದದ್ದು ಬಸ್ಸಿನ ರೂಪದಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ಮುಂದೆ ಸಾಗರ, ತಾಳಗುಪ್ಪದ ಕಡೆ ಹೋಯಿತೇ ಹೊರತು ಈ ಎರಡು ತಾಲ್ಲೂಕು ಕೇಂದ್ರಗಳನ್ನು ಮುಟ್ಟಲಿಲ್ಲ. ಹಾಗಾಗಿ ಇಲ್ಲಿಯ ಜನಕ್ಕೆ ದೂರ ಎಂದರೆ ರಸ್ತೆಯೇ. 1956ರವರೆಗೆ ಆನವಟ್ಟಿ ದಾಟಿ ಹಾನಗಲ್ಲಿಗೆ ಹೋಗುವವನು ಮೈಸೂರು ಬಿಟ್ಟು ಮುಂಬಯಿ ರಾಜ್ಯಕ್ಕೆ ಕಾಲಿಡುತ್ತಿದ್ದ. ಮೈಸೂರು ಸರ್ಕಾರ 1948ರಲ್ಲಿ ಸಾರಿಗೆ ಇಲಾಖೆ ತೆರೆದರೂ ಶಿವಮೊಗ್ಗ ಸೀಮೆಯಲ್ಲಿ ಖಾಸಗಿ ಬಸ್ಸುಗಳ ಕಾಲ ಮುಗಿಯಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಅನಿಲದಲ್ಲಿ ಓಡಿದ ಬಸ್ಸುಗಳನ್ನು ಹಳಬರು ನೆನೆಯುತ್ತಾರೆ. ಏರಿನಲ್ಲಿ ಅದರ ಉಸಿರು ಕಟ್ಟುತ್ತಿತ್ತು. ಆಗ ಕ್ಲೀನರ್ ಹುಡುಗ ಮರದ ತುಂಡು ಹಿಡಿದು ಹಿಂದಿನ ಗಾಲಿಯ ಪಕ್ಕದಲ್ಲೇ ಓಡಬೇಕು. ಬಸ್ಸು ನಿಂತ ಕ್ಷಣ ತುಂಡು ಗಾಲಿಯ ಹಿಂದೆ. ಪ್ರಯಾಣಿಕರ ಜೀವ ಕೆಲವು ಕ್ಷಣ ಆ ಹುಡುಗನ ಕೈಯಲ್ಲಿರುತ್ತಿತ್ತು. ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಆಮೇಲೆ ವ್ಯಾನು. 1983ರ ನವೆಂಬರಿನಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಮಿನಿವ್ಯಾನನ್ನು ಹೊರತಂದಿತು. ಮರುತಿಂಗಳು, ಡಿಸೆಂಬರ್ 14ರಂದು, ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದರು. ಅದರ ಬೆನ್ನಲ್ಲೇ 1984ರಲ್ಲಿ ಅದೇ 796 ಸಿಸಿ ಎಂಜಿನ್ನನ್ನು ಮುಂದಿನ ಸೀಟುಗಳ ಕೆಳಗೆ ಇಟ್ಟುಕೊಂಡ ಮಾರುತಿ ವ್ಯಾನ್ ಬಂತು. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತಿತು. ಅಮೆರಿಕದ ಮಿನಿವ್ಯಾನು ಒಂದು ಸಂಸಾರದ ಗಾಡಿ. ನಮ್ಮ ಓಮ್ನಿ ಹಲವು ಸಂಸಾರಗಳದು. ಬೆಳಿಗ್ಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಶುಂಠಿ ಮೂಟೆ, ಸಂಜೆ ಮದುವೆಯ ಬೀಗರು, ರಾತ್ರಿ ಹೊತ್ತು ಹೆರಿಗೆ ನೋವಿನ ಹೆಂಗಸನ್ನು ಮಲಗಿಸಿಕೊಂಡು ಶಿವಮೊಗ್ಗಕ್ಕೆ. ಸಿನಿಮಾದವರು ಜಾರುವ ಬಾಗಿಲು ಕಂಡು ಅದನ್ನು ಅಪಹರಣದ ಗಾಡಿ ಮಾಡಿದ್ದು ಓಮ್ನಿಗೆ ಆದ ಅನ್ಯಾಯ.

ಇಷ್ಟೆಲ್ಲ ಹೊರುವ ಹಗುರ ಗಾಡಿಯ ಹಿಂದಿನ ಡ್ರಮ್ಮಿನ ಕಷ್ಟ ಬೇರೆಯೇ. ಅಲ್ಲಿ ಕಾಲಿನ ಬ್ರೇಕಿಗೂ ಕೈಬ್ರೇಕಿಗೂ ಅವೇ ಎರಡು ಶೂ. ಪೆಡಲು ತುಳಿದರೆ ವೀಲ್ ಸಿಲಿಂಡರು ಅವನ್ನು ಮೇಲ್ತುದಿಯಲ್ಲಿ ಅಗಲಿಸುತ್ತದೆ. ಸೀಟುಗಳ ನಡುವಿನ ಲಿವರ್ ಎಳೆದರೆ ಕೇಬಲ್ಲು ಒಂದು ಶೂವಿಗೆ ಕಚ್ಚಿದ ಸಣ್ಣ ಸನ್ನೆಯನ್ನು ಎಳೆದು, ಅಡ್ಡಪಟ್ಟಿಯ ಮೂಲಕ ಎರಡನ್ನೂ ನೂಕುತ್ತದೆ. ಬಿಟ್ಟಾಗ ಹಿಂದಕ್ಕೆ ತರುವುದು ಸ್ಪ್ರಿಂಗು. ಶೂಗಳನ್ನು ತಟ್ಟೆಗೆ ಅಂಟಿಸಿಡುವುದು ಪಿನ್ನು, ಅದರ ಮೇಲಿನ ಬಟ್ಟಲಿನಾಕಾರದ ಬಿಲ್ಲೆ. ಲೈನರ್ ಸವೆದಂತೆ ಅಂತರ ಸರಿದೂಗಿಸುವುದು ಅಡ್ಜಸ್ಟರ್.

ಮಳೆಗಾಲ ಇದರ ಮೊದಲ ಶತ್ರು. ಸೊರಬದ ಕಡೆಯ ಆಷಾಢದಲ್ಲಿ ಕೈಬ್ರೇಕು ಎಳೆದು ನಾಲ್ಕು ದಿನ ಗಾಡಿ ನಿಲ್ಲಿಸಿ, ಐದನೆಯ ದಿನ ತೆಗೆಯಲು ಹೋದರೆ ಲೈನರ್ರು ತುಕ್ಕಿನೊಡನೆ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಕೇಬಲ್ಲಿನ ಕವಚದೊಳಗೆ ನೀರು ಹೊಕ್ಕರೆ ಅದು ಎಳೆದಲ್ಲೇ ನಿಲ್ಲುತ್ತದೆ. ಗೊತ್ತಿದ್ದವರು ಮಳೆಗಾಲದಲ್ಲಿ ಮನೆಯಂಗಳದಲ್ಲಿ ಕೈಬ್ರೇಕು ಎಳೆಯುವುದೇ ಇಲ್ಲ. ಗೇರು ಮತ್ತು ಕಲ್ಲು. ಮೊದಲು ಹೇಳಿದ ಆ ಕಲ್ಲು ಬರೀ ಅಪನಂಬಿಕೆಯಲ್ಲ, ಸಾಕಷ್ಟು ಲೆಕ್ಕ ಹಾಕಿದ ಬುದ್ಧಿ. ಆದರೆ ಇದರಲ್ಲೂ ಒಂದು ತೊಡಕು: ಬಳಸದ ಕೇಬಲ್ಲು ಇನ್ನೂ ಬೇಗ ಹಿಡಿದುಕೊಳ್ಳುತ್ತದೆ. ಅಮೆರಿಕದ ಕನ್ನಡ ಕುಟುಂಬಗಳು ಓಡಿಸುವ ಸಿಯೆನ್ನಾ, ಒಡಿಸ್ಸಿಯಂಥ ಮಿನಿವ್ಯಾನುಗಳ ಅನೇಕ ಮಾದರಿಗಳಲ್ಲಿ ಹಿಂದಿನ ಗಾಲಿಗೆ ಡಿಸ್ಕ್ ಬ್ರೇಕು. ಡಿಸ್ಕಿನ ನಡುವಿನ ಟೋಪಿಯಂಥ ಭಾಗದೊಳಗೆ ಪಾರ್ಕಿಂಗಿಗೆಂದೇ ಪುಟ್ಟ ಡ್ರಮ್ಮು, ಪುಟ್ಟ ಶೂ. ಆಟೋಮ್ಯಾಟಿಕ್ ಗೇರಿನ ಗಾಡಿಯಾದ್ದರಿಂದ ಅಲ್ಲಿ ಆ ಬ್ರೇಕನ್ನು ವರ್ಷಗಟ್ಟಲೆ ಮುಟ್ಟದವರೇ ಹೆಚ್ಚು. ಆ ಶೂಗಳು ಉಜ್ಜಿ ಸವೆಯುವುದಿಲ್ಲ. ಚಳಿಗಾಲದ ರಸ್ತೆಯ ಉಪ್ಪಿಗೆ ತುಕ್ಕು ಹಿಡಿದು, ಲೈನಿಂಗು ಹಪ್ಪಳದಂತೆ ಎದ್ದು ಬೀಳುತ್ತದೆ. ಅಲ್ಲಿ ಉಪ್ಪು ಮಾಡುವ ಕೆಲಸ ಇಲ್ಲಿ ಮಳೆ ಮಾಡುತ್ತದೆ.

ಶೂ ಬದಲಿಸುವ ಕೆಲಸ ಗ್ಯಾರೇಜಿನಲ್ಲಿ ದೊಡ್ಡದೇನಲ್ಲ, ಆದರೆ ತಾಳ್ಮೆಯದು. ಡ್ರಮ್ಮು ಕಳಚಬೇಕಾದರೆ ಕೈಬ್ರೇಕು ಬಿಟ್ಟಿರಬೇಕು. ಬ್ರೇಕು ರಿಪೇರಿಗೆ ಮೊದಲು ಬ್ರೇಕನ್ನೇ ತೆಗೆಯಬೇಕಲ್ಲ, ಹಾಗಾಗಿ ಮುಂದಿನ ಗಾಲಿಗಳಿಗೆ ಕಲ್ಲು. ತುಕ್ಕಿನಿಂದ ಡ್ರಮ್ಮು ಬರದಿದ್ದರೆ ಹೊಸ ಹುಡುಗ ಸುತ್ತಿಗೆ ಎತ್ತುತ್ತಾನೆ. "ಬಡೀಬೇಡ ಮಾರಾಯ, ಬೀಡು ಅದು, ಒಡೀತದೆ" ಎಂದು ಮೇಸ್ತ್ರಿ ಕೂತಲ್ಲಿಂದಲೇ ಹೇಳುತ್ತಾರೆ. "ಮತ್ತೆ ಹೆಂಗೆ ತೆಗೀಲಿ ಮೇಸ್ತ್ರಿ?" "ಎಣ್ಣೆ ಬಿಡು, ಚಾ ಕುಡ್ಕೊಂಡು ಬಾ." ಎರಡೂ ಕಡೆಯನ್ನು ಒಟ್ಟಿಗೆ ಬಿಚ್ಚಬಾರದು ಎಂಬುದು ಎರಡನೆಯ ಪಾಠ. ಒಂದು ಕಡೆ ಬಿಚ್ಚಿದಾಗ ಸ್ಪ್ರಿಂಗು ಯಾವ ತೂತಿನಿಂದ ಯಾವ ತೂತಿಗೆ ಹೋಗಿತ್ತು ಎಂಬುದು ಮರೆತರೆ ಇನ್ನೊಂದು ಕಡೆ ನೋಡಿ ಬರೆಯಲು ಇರುತ್ತದೆ. ಈಗ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ; ಆದರೂ ಹಳಬರು ಇನ್ನೊಂದು ಗಾಲಿಯ ಬಳಿಗೇ ಎದ್ದು ಹೋಗುತ್ತಾರೆ.

ದುಡ್ಡು ಉಳಿಸಲು ಜನ ತಪ್ಪು ಮಾಡುವುದು ಸ್ಪ್ರಿಂಗಿನಲ್ಲಿ. ಶೂ ಹೊಸದು ಹಾಕಿಸುತ್ತಾರೆ, ಸ್ಪ್ರಿಂಗು, ಪಿನ್ನು, ಬಿಲ್ಲೆ ಹಳೆಯವೇ. ಕಾದು ತಣಿದು, ಕಾದು ತಣಿದು ಸ್ಪ್ರಿಂಗಿನ ಎಳೆತ ಸತ್ತಿರುತ್ತದೆ. ಅಂಥ ಸ್ಪ್ರಿಂಗು ಶೂವನ್ನು ಪೂರ್ತಿ ಹಿಂದಕ್ಕೆ ತರುವುದಿಲ್ಲ, ಹೊಸ ಲೈನರ್ರು ಡ್ರಮ್ಮಿಗೆ ಸದಾ ಸವರುತ್ತ ಕೆಲವೇ ತಿಂಗಳಲ್ಲಿ ಸುಟ್ಟುಹೋಗುತ್ತದೆ. ಇಡೀ ಶೂವನ್ನೇ ಬದಲಿಸುವುದೂ ಹೊಸ ಪದ್ಧತಿ. ಹಿಂದೆ ಹಳೆಯ ಶೂವಿನ ಸವೆದ ಲೈನರನ್ನು ಕಿತ್ತು, ಅದೇ ಕಬ್ಬಿಣದ ಮೇಲೆ ಹೊಸ ಲೈನರನ್ನು ರಿವಿಟ್ ಹೊಡೆದು ಕೂರಿಸುತ್ತಿದ್ದರು. ಲಾರಿ, ಬಸ್ಸುಗಳಿಗೆ ಈಗಲೂ ಹಾಗೆಯೇ. ಕೂರಿಸಿದ ಮೇಲೆ ಅದು ಡ್ರಮ್ಮಿನ ದುಂಡಿಗೆ ಹೊಂದಬೇಕು. ಅದಕ್ಕಾಗಿ ಅರದಿಂದ, ಉಜ್ಜು ಕಾಗದದಿಂದ, ಇಲ್ಲವೇ ಸಾಣೆಯ ಚಕ್ರಕ್ಕೆ ಹಿಡಿದು ಉಜ್ಜಬೇಕು. ಬೂದು ಬಣ್ಣದ ಧೂಳು ಏಳುತ್ತದೆ.

ಆ ಧೂಳಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಬರ್ತಾ ಬೆಂಜಳ ಚರ್ಮ, ಡರ್ಬಿಶೈರಿನ ಬೂಟು ಎರಡೂ ಬಿಸಿಗೆ ಸುಟ್ಟುಹೋಗುತ್ತಿದ್ದವು. ಬಿಸಿಗೆ ಸುಡದ, ನೂಲಿನಂತೆ ನೇಯಲು ಬರುವ ಒಂದು ಖನಿಜ ಪ್ರಪಂಚದಲ್ಲಿತ್ತು: ಕಲ್ನಾರು. ಗ್ರೀಕಿನಲ್ಲಿ ಆಸ್‌ಬೆಸ್ಟಾಸ್, ಆರಿಸಲಾಗದ್ದು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸೀಮೆಯ ಬಂಡೆಗಳಲ್ಲೂ ಅದು ಇದೆ. 20ನೇ ಶತಮಾನದ ಬಹುಪಾಲು ಕಾಲ ಪ್ರಪಂಚದ ಮೋಟಾರುಗಳು ನಿಂತದ್ದು ಕಲ್ನಾರಿನ ಮೇಲೆ. ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸೀಳಿ ಗಾಳಿಯಲ್ಲಿ ತೇಲುತ್ತದೆ, ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟನ್ನು ದಕ್ಷಿಣ ಆಫ್ರಿಕಾದ ಗಣಿಸೀಮೆಯಿಂದ ವೈದ್ಯರು 1960ರಲ್ಲಿ ತೋರಿಸಿದರು. ಧೂಳು ಒಳಹೊಕ್ಕು ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಹುಡುಗ ಮೇಸ್ತ್ರಿಯಾಗಿರುತ್ತಾನೆ, ಮೇಸ್ತ್ರಿ ಮುದುಕನಾಗಿರುತ್ತಾನೆ. ಯಾವ ಗಾಡಿಯ ಡ್ರಮ್ಮಿನಿಂದ ಬಂತು ಎಂದು ಯಾರು ಹೇಳುತ್ತಾರೆ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬ್ರೇಕು ಹಿಡಿದಾಗ ಹುಟ್ಟುವ ಬಿಸಿಗೆ ಲೈನರಿನ ಕಲ್ನಾರಿನ ಬಹುಭಾಗ ಬೇರೆ ಖನಿಜವಾಗಿ ಮಾರ್ಪಡುತ್ತದೆ. ಹಾಗಾಗಿ ಡ್ರಮ್ಮಿನಲ್ಲಿ ಕೂತ ಹಳೆಯ ಧೂಳು ಎಷ್ಟು ಅಪಾಯಕಾರಿ ಎಂಬುದರ ಬಗ್ಗೆ ತಜ್ಞರ ನಡುವೆ ಜಗಳವಿದೆ. ಆದರೆ ಸಾಣೆ ಹಿಡಿದು ಉಜ್ಜುವ ಹೊಸ ಲೈನರಿನ ಧೂಳಿಗೆ ಈ ಸಮಾಧಾನ ಅನ್ವಯಿಸುವುದಿಲ್ಲ. ಅದು ಬಿಸಿ ಕಾಣದ, ಹಸಿ ಕಲ್ನಾರು.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಅರ್ಜಿಯ ಮೇಲೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಕಲ್ನಾರಿನ ಕೆಲಸಗಾರರ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಇಡಬೇಕು, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಎಂದು ಆದೇಶಿಸಿತು. ಒಳ್ಳೆಯ ತೀರ್ಪು. ಆದರೆ 1948ರ ಫ್ಯಾಕ್ಟರಿ ಕಾಯ್ದೆಯ ಕಣ್ಣಿಗೆ ಕಾರ್ಖಾನೆ ಎಂದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಜನ ಎಂದಿತ್ತು. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರ ತಗಡಿನ ಶೆಡ್ಡು ಕಾರ್ಖಾನೆಯಲ್ಲ. ಲೈನರನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕುವವನಿಗೆ ದಾಖಲೆ ಉಂಟು. ಅದನ್ನು ರಸ್ತೆಯ ಬದಿ ಉಜ್ಜುವವನಿಗೆ ಇಲ್ಲ. ಈ ಅಂತರ ನನಗೆ ಬೇರೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಅಮೆರಿಕ 2024ರಲ್ಲಿ ಬಿಳಿ ಕಲ್ನಾರಿನ ನಿಷೇಧಕ್ಕೆ ಆದೇಶ ಹೊರಡಿಸಿತು. ನಮ್ಮಲ್ಲಿ ಪೂರ್ತಿ ನಿಷೇಧ ಇಲ್ಲ. ಬಿಳಿ ಕಲ್ನಾರು ಸಿಮೆಂಟು ಶೀಟುಗಳಿಗಾಗಿ ಇನ್ನೂ ಹಡಗಿನಲ್ಲಿ ಬರುತ್ತದೆ. ಕಲ್ನಾರಿಲ್ಲದ ಬ್ರೇಕ್ ಲೈನಿಂಗು ಭಾರತದಲ್ಲೂ ತಯಾರಾಗುತ್ತದೆ, ಹೊಸ ಗಾಡಿಗಳಲ್ಲಿ ಅದೇ ಬರುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ಹಾಗೆಂದು ಬರೆದಿದೆಯೇ ಎಂದು ನೋಡಿ ಕೊಳ್ಳುವವರು ಕಡಿಮೆ. ಹೆಸರೇ ಇಲ್ಲದ ಅಗ್ಗದ ಪೊಟ್ಟಣದಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಗ್ಯಾರೇಜಿನಲ್ಲಿ ಡ್ರಮ್ಮು ಕಳಚಿದ ಕೂಡಲೆ ನಡೆಯುವ ಒಂದು ಅಭ್ಯಾಸ ಎಲ್ಲರಿಗೂ ಪರಿಚಿತ. ಹುಡುಗ ಡ್ರಮ್ಮನ್ನು ಮುಖದ ಮಟ್ಟಕ್ಕೆ ಎತ್ತಿ 'ಉಫ್' ಎಂದು ಊದುತ್ತಾನೆ. ಕಂಪ್ರೆಸರ್ ಇದ್ದರೆ ಗಾಳಿಯ ಪೈಪು ಹಿಡಿಯುತ್ತಾನೆ. ಶೆಡ್ಡಿನ ತಗಡಿನ ತೂತಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ಕುಣಿಯುತ್ತದೆ, ಪಕ್ಕದಲ್ಲಿ ಚಾ ಲೋಟ ಇರುತ್ತದೆ. ಇದಕ್ಕೆ ಬೇಕಾದ ಪರಿಹಾರ ಅಗ್ಗದ್ದು. ಡ್ರಮ್ಮನ್ನು ಪೂರ್ತಿ ಎಳೆಯುವ ಮೊದಲು ಅಂಚಿನ ಸಂದಿಗೆ ಸೋಪಿನ ನೀರು ಬಿಡುವುದು, ಕಳಚಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒಣಗಲು ಬಿಡದೆ ಚೀಲದಲ್ಲಿ ಕಟ್ಟಿ ಎಸೆಯುವುದು, ಊದದೇ ಇರುವುದು. ಸರ್ವಿಸ್ ಪುಸ್ತಕಗಳಲ್ಲೂ ಧೂಳಿನ ಎಚ್ಚರಿಕೆ ಇರುತ್ತದೆ, ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಬಿಡಿಭಾಗದ ಅಂಗಡಿಯ ಗೋಡೆಗೆ ಅಂಟಿಸುವುದಕ್ಕೆ ಯಾವ ಕಾಯ್ದೆಯೂ ಅಡ್ಡಿಯಿಲ್ಲ.

ಒರೆಸಿದ ಮೇಲೆ ಉಳಿದ ಕೆಲಸ. ಶೂ ಸವರುವ ತಟ್ಟೆಯ ಉಬ್ಬುಗಳಿಗೆ ಬಿಸಿ ತಡೆಯುವ ಗ್ರೀಸು ಚೂರೇ ಚೂರು, ಲೈನರಿಗೆ ಒಂದು ಬೆರಳಿನ ಗುರುತೂ ತಾಗಬಾರದು. ಡ್ರಮ್ಮಿನ ಒಳಮೈಯಲ್ಲಿ ರಿವಿಟ್ಟು ಕೊರೆದ ಗೆರೆ ಇದ್ದರೆ ಲೇತ್‌ಗೆ ಕೊಡಬೇಕು, ಅದಕ್ಕೂ ಒಂದು ಮಿತಿ ಉಂಟು, ಡ್ರಮ್ಮಿನ ಮೇಲೇ ಬರೆದಿರುತ್ತದೆ. ಕೆಳಗಿನ ಸ್ಪ್ರಿಂಗು ಮೊದಲು, ಮೇಲಿನದು ಆಮೇಲೆ. ಡ್ರಮ್ಮು ಕೂರಿಸಿ ಕೈಯಲ್ಲಿ ತಿರುಗಿಸಿದಾಗ ಲೈನರ್ರು ಒಂದೇ ಸಮ 'ಸರ್' ಎನ್ನುವವರೆಗೆ ಅಡ್ಜಸ್ಟರ್ ಬಿಗಿದು, ಆ ಸದ್ದು ಹೋಗುವಷ್ಟು ಹಿಂದಕ್ಕೆ ಸಡಿಲಿಸಬೇಕು. ಕೇಬಲ್ಲು ಹೊಂದಿಸುವುದು ಕಡೆಗೆ. ಮೊದಲೇ ಕೇಬಲ್ಲು ಬಿಗಿದು, ಸವೆದ ಶೂವಿನ ತಪ್ಪನ್ನು ಮುಚ್ಚುವವರಿದ್ದಾರೆ. ಲಿವರ್ ಗಟ್ಟಿಯಾಗಿ ಕಾಣುತ್ತದೆ, ಗಾಡಿ ಜಾರುತ್ತದೆ.

ಪರೀಕ್ಷೆಗೆ ಇಳಿಜಾರೇ ಬೇಕು. ಮೇಸ್ತ್ರಿ ಗಾಡಿಯನ್ನು ಏರಿನ ನಡುವೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಲಿವರನ್ನು ಐದಾರು ಕಟಕಟ ಸದ್ದಿನವರೆಗೆ ಎಳೆದು, ಕಾಲನ್ನು ಪೆಡಲಿನಿಂದ ನಿಧಾನವಾಗಿ ಎತ್ತುತ್ತಾರೆ. ಹುಡುಗ ಹಿಂದಿನ ಗಾಲಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿರುತ್ತಾನೆ, ಕೈಯಲ್ಲಿ ಒಂದು ಕಲ್ಲು ಹಿಡಿದು.